ಕೆಂಪಗೆ ಕಂಡ ನೀರು

ನಲವತ್ತೊಂದನೆಯ ರಾಮನಾಮಕ್ಕೆ ಬಂದಿದ್ದಾಗ ಸಣ್ಣಬೀರಯ್ಯ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಮಹದೇವಯ್ಯನವರು ತಲೆ ಎತ್ತಲಿಲ್ಲ. ನೆಲಕ್ಕೆ ಕೆಡವಿ ನಾಲ್ಕು ಕಾಲೂ ಕಟ್ಟಿದ್ದ ಹೋರಿಗರುವಿನ ಹಿಂದೆ ಮಂಡಿಯೂರಿ ಕೂತು, ಎರಡೂ ಕೈಯಿಂದ ಇಕ್ಕಳದ ಹಿಡಿಗಳನ್ನು ಒತ್ತಿ ಹಿಡಿದಿದ್ದರು. ಬೀಜದ ನರ ಇಕ್ಕಳದ ಬಾಯಿಗೆ ಸಿಕ್ಕಿದ ಮೇಲೆ ಅರವತ್ತು ಎಣಿಸುವ ತನಕ ಬಿಡಬಾರದು. ಮೊದಲೇ ಬಿಟ್ಟರೆ ನರ ಪೂರ್ತಿ ಸಾಯುವುದಿಲ್ಲ. ಕರು ಅತ್ತ ಹೋರಿಯೂ ಆಗದೆ ಇತ್ತ ಎತ್ತೂ ಆಗದೆ ಉಳಿದುಬಿಡುತ್ತದೆ. ಬೇರೆಯವರು ಒಂದು, ಎರಡು ಎಂದು ಎಣಿಸುತ್ತಾರೆ. ಮಹದೇವಯ್ಯನವರು ಮೂವತ್ತು ವರ್ಷದಿಂದ ಅಂಕಿಯ ಬದಲು ರಾಮನಾಮ ಹೇಳುತ್ತಿದ್ದರು. ಹೇಗೂ ನಾಲಿಗೆ ಆಡಲೇಬೇಕು, ಆ ಮೂಕಪ್ರಾಣಿಯ ನೋವಿಗೆ ಅಷ್ಟು ಪುಣ್ಯವಾದರೂ ಸೇರಲಿ ಎಂದು.

"ಮಾದೇವಣ್ಣ," ಎಂದ ಸಣ್ಣಬೀರಯ್ಯ. ಊರಿಗೆಲ್ಲ ಫೋನಿದ್ದದ್ದು ಅವನ ಅಂಗಡಿಯೊಂದರಲ್ಲೇ. ಕಾಲಿಗೆ ಚಪ್ಪಲಿ ಕೂಡ ಮೆಟ್ಟದೆ ಓಡಿಬಂದಿದ್ದ. "ಮೈಸೂರಿಂದ ಫೋನ್ ಬಂದಿತ್ತು."

ಕರುವಿನ ತಲೆಯನ್ನು ಅದುಮಿ ಹಿಡಿದಿದ್ದ ನಂಜಣ್ಣ, "ಏನಂತ್ಲಾ?" ಎಂದು ಕೇಳಿದ. ಕರು ಅವನದು, ಕೊಟ್ಟಿಗೆಯೂ ಅವನದೇ.

"ಶಿವಶಂಕ್ರ ಓಗ್ಬುಟ್ನಂತೆ ಕಣಣ್ಣ. ಈಗ ಒಂಬತ್ತು ಗಂಟೇಲಿ. ಸವಿತವ್ವನ ಅಣ್ಣ ಮಾತಾಡುದ್ರು. ಸಂಜೀಕೆ ತತ್ತಾರಂತೆ."

ನಂಜಣ್ಣನ ಕೈ ಸಡಿಲವಾಯಿತು. ಕರು ಕತ್ತು ಕೊಡವಿತು.

"ತಲೆ ಬುಡಬ್ಯಾಡ ಕಣ್ಲಾ," ಎಂದರು ಮಹದೇವಯ್ಯನವರು. ಆಮೇಲೆ ತುಟಿ ಮತ್ತೆ ಆಡತೊಡಗಿತು. ರಾಮ, ರಾಮ, ರಾಮ. ಅರವತ್ತು ತುಂಬಿದಾಗ ಇಕ್ಕಳವನ್ನು ಬಿಡಿಸಿ, ಒತ್ತಿದ ಜಾಗವನ್ನು ಎರಡು ಬೆರಳಲ್ಲಿ ತಡವಿ ನೋಡಿದರು. ನರ ನಜ್ಜುಗುಜ್ಜಾಗಿತ್ತು, ಕೆಲಸ ಸರಿಯಾಗಿತ್ತು. ಕಾಲಿನ ಹಗ್ಗ ಬಿಚ್ಚಿದರು. ಕರು ಎದ್ದು ನಿಂತ ಮೇಲೆ, ಅದು ಮಲಗಿದ್ದ ಬಿಸಿ ಹುಲ್ಲಿನ ಮೇಲೆ ತಾವು ಕೂತುಬಿಟ್ಟರು.

ಶಿವಶಂಕರ ಅವರ ಕೊನೆಯ ತಮ್ಮ. ಇಪ್ಪತ್ತೆರಡು ವರ್ಷ ಚಿಕ್ಕವನು. ಅಪ್ಪ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಮಹದೇವಯ್ಯನವರ ಹೆಂಡತಿ ಮರಮ್ಮನೇ ಅವನಿಗೆ ತಲೆ ಬಾಚಿ, ತುತ್ತು ಉಣಿಸಿ ದೊಡ್ಡವನನ್ನಾಗಿ ಮಾಡಿದ್ದು. ಬೆಳೆದ ಮೇಲೆ ಟ್ರ್ಯಾಕ್ಟರ್ ಕಲಿತು, ಚುಂಚನಕಟ್ಟೆಯ ನಾಲೆಯ ಬಯಲಿನ ಗದ್ದೆಗಳಲ್ಲೆಲ್ಲ ಉಳುಮೆ ಮಾಡುತ್ತಿದ್ದ. ಗಟ್ಟಿ ಆಳು, ಗಟ್ಟಿ ಗಂಟಲು. ಅವನು ಮೂರು ಗದ್ದೆಯಾಚೆ ನಕ್ಕರೂ ಮನೆಗೆ ಕೇಳಿಸುತ್ತಿತ್ತು.

ಹಿಂದಿನ ವರ್ಷ ಶ್ರಾವಣದಲ್ಲಿ, ನಾಟಿಯ ಉಳುಮೆ ಮುಗಿದ ಮೇಲೆ, ಒಂದು ಸಂಜೆ ಅವನು ಅಣ್ಣನ ಕೊಟ್ಟಿಗೆಗೆ ಬಂದು ಕಂಬ ಹಿಡಿದು ನಿಂತ. ನೆಲ ನೋಡುತ್ತ, "ಅಣ್ಣ, ಒಂದು ಕಡೆ ಊದ್ಕಂಡದೆ," ಎಂದ. "ಟ್ರಾಕ್ಟ್ರು ಸೀಟಲ್ಲಿ ಕುಲುಕಿ ಕುಲುಕಿ ಇಂಗಾಯ್ತೇನೋ."

"ನೋವದಾ?"

"ನೋವಿಲ್ಲ. ಭಾರ."

ಊರಿನ ಗಂಡಸರು ಇಂಥದ್ದಕ್ಕೆ ಮಹದೇವಯ್ಯನವರ ಹತ್ತಿರವೇ ಬರುತ್ತಿದ್ದರು. ಹೊಸ ಅಗ್ರಹಾರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಎಷ್ಟು ಸಾವಿರ ಹೋರಿಗಳನ್ನು ಎತ್ತು ಮಾಡಿದ್ದರೋ ಅವರಿಗೇ ತಿಳಿಯದು. ಆಸ್ಪತ್ರೆಗೆ ಹೋದರೆ ನರ್ಸಮ್ಮನ ಮುಂದೆ ಪಂಚೆ ಎತ್ತಬೇಕು. ಇಲ್ಲಾದರೆ ಕೊಟ್ಟಿಗೆ, ಕತ್ತಲು, ನಾಚಿಕೆಯಿಲ್ಲ. ಪರೀಕ್ಷೆ ಮಾಡುವ ಬಗೆಯನ್ನು ಹಿಂದೊಮ್ಮೆ ಸಂತಾನಹರಣ ಶಿಬಿರಕ್ಕೆ ಬಂದಿದ್ದ ಡಾಕ್ಟರೊಬ್ಬರು ಅವರಿಗೆ ತೋರಿಸಿಕೊಟ್ಟಿದ್ದರು. ಊದಿದ ಚೀಲದ ಹಿಂದೆ ಬ್ಯಾಟರಿ ಹಿಡಿದು ಬೆಳಕು ಬಿಡಬೇಕು. ಬೆಳಕು ಹಾದು ಕೆಂಪಗೆ ಕಂಡರೆ ಒಳಗಿರುವುದು ಬರೀ ನೀರು, ಅಂಡವಾಯು, ಹೆದರಬೇಕಾದ್ದಿಲ್ಲ. ಕಪ್ಪಗೆ ಕಂಡರೆ ಮಾತ್ರ ಯೋಚನೆ ಮಾಡಬೇಕು. ಅಂದಿನಿಂದ ಹತ್ತು ಹನ್ನೆರಡು ಮಂದಿಯನ್ನು ನೋಡಿದ್ದರು. ಒಬ್ಬರ ವಿಷಯದಲ್ಲೂ ಅವರ ಮಾತು ತಪ್ಪಿರಲಿಲ್ಲ.

ತಮ್ಮನಿಗೂ ಮೂರು ಸೆಲ್ಲಿನ ಬ್ಯಾಟರಿ ಹಿಡಿದು ಬೆಳಕು ಬಿಟ್ಟರು. ದಾಸವಾಳದ ಹಾಗೆ ಕೆಂಪಗೆ ಕಂಡಿತು. ಆದರೆ ಬ್ಯಾಟರಿ ಹಿಡಿಯುವುದಕ್ಕೆ ಮೊದಲೇ ಅವರ ಬೆರಳಿಗೆ ತಳದಲ್ಲಿ ಒಂದು ಗಂಟು ಸಿಕ್ಕಿತ್ತು. ಹುಣಿಸೇಬೀಜದಷ್ಟು ದಪ್ಪ, ಗಟ್ಟಿ. ಹೋರಿಯ ಬೀಜದ ತಳದಲ್ಲಿ ಅಂಥದೇ ಒಂದು ಗಂಟು ಇರುತ್ತದೆ. ಅದನ್ನು ಬಾಲ ಎನ್ನುತ್ತಾರೆ. ಅದು ಕೈಗೆ ಸಿಕ್ಕಿದರೆ ಬೀಜ ಆರೋಗ್ಯವಾಗಿದೆ ಎಂದು ಅರ್ಥ. ಆ ಗಂಟನ್ನು ಸಾವಿರ ಸಲ ಮುಟ್ಟಿದ ಬೆರಳು, ಇದೂ ಅದೇ ಎಂದು ಒಂದು ಗಳಿಗೆಯೂ ನಿಲ್ಲದೆ ಮುಂದಕ್ಕೆ ಹೋಯಿತು.

"ನೀರು ಕಣ್ಲಾ," ಎಂದಿದ್ದರು. "ಮದುವೆ ಮಕ್ಕಳು ಎಲ್ಲಾ ಆಗವಲ್ಲ, ಇನ್ಯಾಕೆ ಅಳ್ತೀಯ. ಕೊಯ್ಲು ಮುಗೀಲಿ, ತೆಗೆಸವ."

ಶಿವಶಂಕರ ಆ ದಿನ ಜೋರಾಗಿ ನಕ್ಕು ಹೋದ.

ಪಟ್ಟಣದ ನರ್ಸಿಂಗ್ ಹೋಮಿನವರೂ ಸೂಜಿ ಹಾಕಿ ನೀರು ತೆಗೆದು, ಅಂಡವಾಯು ಎಂದೇ ಹೇಳಿ ಕಳಿಸಿದರು. ತಿಂಗಳಲ್ಲಿ ಮತ್ತೆ ತುಂಬಿತು, ಮತ್ತೆ ತೆಗೆದರು. ಮೂರನೆಯ ಸಲ ತುಂಬಿದಾಗ ಮಾಘಮಾಸ. ಮೈಸೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು ಚೀಲ ಬಿಚ್ಚಿ ನೋಡಿ, ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಮಹದೇವಯ್ಯನವರನ್ನು ಒಬ್ಬರನ್ನೇ ಒಳಗೆ ಕರೆದು ಕೂರಿಸಿದರು. ಕ್ಯಾನ್ಸರ್. ಆಗಲೇ ಹೊಟ್ಟೆಗೆ ಏರಿದೆ.

"ಬೆಳಕು ಬಿಟ್ಟರೆ ಕೆಂಪಗೆ ಕಾಣ್ತಲ್ಲ ಸ್ವಾಮಿ," ಎಂದರು ಮಹದೇವಯ್ಯನವರು.

"ಕಾಣುತ್ತೆ. ಈ ಗಂಟು ತನ್ನ ಸುತ್ತ ತಾನೇ ನೀರು ಮಾಡಿಕೊಳ್ಳುತ್ತೆ. ಬೆಳಕು ಆ ನೀರಲ್ಲಿ ಹಾದು ಬರುತ್ತೆ, ಅಷ್ಟೆ. ಇದು ಲಕ್ಷಕ್ಕೊಬ್ಬರಿಗೆ ಬರೋದೂ ಅಪರೂಪ. ಯಾರಿಗಾದರೂ ತಪ್ಪು ಆಗುತ್ತೆ." ಆಮೇಲೆ ಡಾಕ್ಟರು ಕೇಳಿದರು, "ಮೊದಲು ಯಾರಾದರೂ ಕೈಯಲ್ಲಿ ಮುಟ್ಟಿ ನೋಡಿದಾಗ ಗಂಟೇನಾದರೂ ಸಿಕ್ಕಿತ್ತಾ?"

"ಗೊತ್ತಿಲ್ಲ," ಎಂದರು ಮಹದೇವಯ್ಯನವರು. ಅರವತ್ತು ವರ್ಷದ ಬಾಳಿನಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅವರಿಗೆ ನೆನಪಿರಲಿಲ್ಲ.

ಲಕ್ಷಕ್ಕೊಬ್ಬರು ಎಂಬ ಮಾತೊಂದನ್ನು ಹಿಡಿದುಕೊಂಡು ಅವರು ಏಳು ತಿಂಗಳು ಕಳೆದರು. ಏಕೆಂದರೆ ಹಿಂದಿನ ದೀಪಾವಳಿಯ ಹೊತ್ತಿಗೆ, ಅದೇ ಬ್ಯಾಟರಿ ಹಿಡಿದು, ಅದೇ ಕೊಟ್ಟಿಗೆಯಲ್ಲಿ, ನಂಜಣ್ಣನನ್ನೂ ನೋಡಿ ನೀರು ಎಂದು ಹೇಳಿದ್ದರು. ಒಂದೇ ಊರಿನಲ್ಲಿ ಇಬ್ಬರಿಗೆ ಬರುವುದುಂಟೇ ಎಂದು ತಮಗೆ ತಾವೇ ಹೇಳಿಕೊಂಡರು. ನಂಜಣ್ಣನಿಗೆ ಆಸ್ಪತ್ರೆಗೆ ಹೋಗು ಎಂದರೆ, ಯಾಕೆ ಎಂದು ಕೇಳುತ್ತಾನೆ. ಆ ಯಾಕೆಗೆ ಇದ್ದ ಉತ್ತರ ಒಂದೇ. ಅದನ್ನು ಹೇಳಿದರೆ ತಮ್ಮನ ಹೆಂಡತಿ ಸವಿತಳ ಕಿವಿಗೆ ಬೀಳುತ್ತದೆ.

ಸಂಜೆ ಹೆಣ ಬಂತು. ಹೊಲದ ಬದುವಿನಲ್ಲಿ, ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಬಂದವರೆಲ್ಲರ ಮುಂದೆಯೂ ಸವಿತಾ ಒಂದೇ ಮಾತು ಹೇಳಿ ಅಳುತ್ತಿದ್ದಳು. "ನಮ್ಮ ಭಾವ ಮೊದಲ್ನೇ ದಿನವೇ ನೋಡುದ್ರು ಕಣವ್ವ. ಅವ್ರು ಮಾಡೋದೆಲ್ಲ ಮಾಡುದ್ರು. ನಮ್ಮಣೇಲಿ ಬರ್ದಿರ್ನಿಲ್ಲ." ಮಹದೇವಯ್ಯನವರು ಜಗುಲಿಯ ಮೂಲೆಯಲ್ಲಿ ಕೂತು ಅದನ್ನು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ.

ಮೂರನೆಯ ದಿನ ಹಾಲುತುಪ್ಪ. ಹೆಂಗಸರು ಗಂಡಸರು ಎಲ್ಲರೂ ಸಮಾಧಿಯ ಮಣ್ಣಿನ ಗುಡ್ಡೆಯ ಹತ್ತಿರ ನೆರೆದರು. ಮಣ್ಣಿನ ಮೇಲೆ ಅರಿಸಿನ ಕುಂಕುಮವಿಟ್ಟು, ಹೂವು ಏರಿಸಿ, ಬಾಳೆಎಲೆಯಲ್ಲಿ ಎಡೆ ಇಟ್ಟಿದ್ದರು. ಮನೆಗೆ ಹಿರಿಯರಾದ್ದರಿಂದ ಮೊದಲು ಬಿಡಬೇಕಾದವರು ಮಹದೇವಯ್ಯನವರು. ಮರಮ್ಮ ಹಾಲಿನ ಲೋಟಕ್ಕೆ ತುಪ್ಪ ಹನಿಸಿ ಅವರ ಬಲಗೈಗೆ ಕೊಟ್ಟಳು.

ಅಷ್ಟರಲ್ಲಿ ನಂಜಣ್ಣ ಕಾಲು ಅಗಲಿಸಿಕೊಂಡು ಬದು ಹತ್ತಿ ಬಂದ. ಕೂರಲು ಹೋಗಿ, ಕಷ್ಟಪಟ್ಟು, ಒಂದು ತೊಡೆ ಚಾಚಿ ಕೂತ. ದಾಯಾದಿಗಳಲ್ಲಿ ಹಿರಿಯನಾದ ಅಣ್ಣಯ್ಯ ಅದನ್ನು ನೋಡಿದ. ಯಾವ ಜಾಗದಲ್ಲೂ ಬಾಯಿ ಕಟ್ಟುವ ಮನುಷ್ಯನಲ್ಲ ಅವನು.

"ಏನ್ಲಾ ನಂಜ, ಕುಂಬಳಕಾಯಿ ಕದ್ದು ಪಂಚೆ ಒಳಗೆ ಮಡಿಕ್ಕಂಡಿದ್ದೀಯೇನ್ಲಾ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಂಜಣ್ಣನಿಗೂ ನಗು ಬಂತು.

"ಬುಡಣ್ಣಯ್ಯ, ನೀರು ಅಷ್ಟೆ. ಮಾದೇವಣ್ಣನೇ ನೋಡವ್ರೆ."

ಮಹದೇವಯ್ಯನವರ ಕೈಯಲ್ಲಿದ್ದ ಲೋಟ ಗುಡ್ಡೆಯ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಈ ಲೋಟವನ್ನು ಬಗ್ಗಿಸಿದರೆ ತಮ್ಮನಿಗೆ ಶಾಂತಿ ಎಂದು ಹೇಳಬೇಕು. ಆ ಮಾತು ಹೇಳುತ್ತಿರುವಾಗಲೇ, ಅದೇ ಬಾಯಿಯ ಇನ್ನೊಂದು ಮಾತನ್ನು ನಂಬಿ ಒಬ್ಬ ಎದುರಿಗೆ ಕೂತು ನಗುತ್ತಿದ್ದಾನೆ. ಅವರು ಕೈ ಹಿಂದಕ್ಕೆ ತೆಗೆದರು.

"ನಂಜ, ನಾಳೆ ಮೈಸೂರ್ಗೆ ಓಗವ. ಸ್ಕ್ಯಾನ್ ಮಾಡ್ಸವ ನಿಂಗೆ."

"ನಂಗ್ಯಾಕಣ್ಣ? ಬ್ಯಾಟ್ರಿ ಬುಟ್ಟು ನೋಡುದ್ರಲ್ಲ ನೀವೇ. ಕೆಂಪಗೆ ಕಾಣ್ತದೆ, ನೀರು ಅಂದ್ರಿ."

"ಶಿವೂಂದೂ ಕೆಂಪಗೇ ಕಾಣ್ತು."

"ಅದು ಬ್ಯಾರೆ ಕಾಯ್ಲೆ ಕಣಣ್ಣ. ಲಕ್ಷಕ್ಕೊಬ್ರಿಗೆ ಬರೋದು ಅಂತ ನೀವೇ ಯೋಳುದ್ರಿ. ನಿಮ್ಮ ಕೈ ಯಾವತ್ತು ತಪ್ಪಿತ್ತು?"

"ಊಂ ಭಾವ," ಎಂದಳು ಸವಿತಾ, ಮೆಲ್ಲಗೆ. "ನಿಮ್ಮ ಕೈ ಏನು ಮಾಡಾತು. ನೀವು ಅಂಗೆಲ್ಲ ಅನ್ಕಬ್ಯಾಡಿ."

"ಕೈ ತಪ್ಪನಿಲ್ಲ ಕಣವ್ವ," ಎಂದರು ಮಹದೇವಯ್ಯನವರು. "ಕೈಗೆ ಗಂಟು ಸಿಕ್ತು. ಮೊದಲ್ನೇ ದಿನವೇ ಸಿಕ್ತು. ತಳದಲ್ಲಿ, ಉಣಿಸೇಬೀಜದಷ್ಟು. ಓರಿ ಬೀಜಕ್ಕೆ ಅಂಥದೊಂದು ಗಂಟಿರ್ತದೆ. ದನ ಮುಟ್ಟಿದ ಕೈ, ಇದೂ ಅದೇ ಅಂದ್ಕಂಡೆ. ಮನುಷ್ಯನ್ಗೆ ಅಂಥದ್ದಿರಾಕಿಲ್ಲ ಅಂತ ನಂಗೆ ಆಮೇಲೆ ಗೊತ್ತಾಯ್ತು. ಡಾಕ್ಟ್ರು ಕೇಳುದ್ರು, ಗೊತ್ತಿಲ್ಲ ಅಂದೆ. ಅವತ್ತೇ ಮೈಸೂರ್ಗೆ ಕರ್ಕೊಂಡೋಗಿದ್ರೆ ಉಳೀತಿದ್ನೋ ಏನೋ, ಅದು ನಂಗೆ ತಿಳೀದು. ಕರ್ಕೊಂಡೋಗ್ನಿಲ್ಲ. ಅದು ನಿಜ."

ಎಡೆಯ ಮೇಲೆ ಕೂರಲು ಬಂದ ನೊಣವನ್ನು ಯಾರೋ ಬೀಸಿ ಓಡಿಸಿದರು.

ಸವಿತಾ ಎದ್ದು ಬಂದಳು. ಭಾವನ ಮುಖವನ್ನು ನೇರವಾಗಿ ನೋಡಿದ್ದು ಮದುವೆಯಾಗಿ ಬಂದ ಮೇಲೆ ಅದೇ ಮೊದಲು.

"ಆ ಲೋಟ ಇತ್ಲಾಗೆ ಕೊಡಿ ಭಾವ," ಎಂದಳು.

ಅವರು ಕೊಟ್ಟರು. ಅವಳೇ ಮೊದಲು ಹಾಲುತುಪ್ಪ ಬಿಟ್ಟಳು. ಆಮೇಲೆ ಲೋಟವನ್ನು ಅಣ್ಣಯ್ಯನಿಗೆ ಕೊಟ್ಟಳು, ಅಣ್ಣಯ್ಯ ಮರಮ್ಮನಿಗೆ ಕೊಟ್ಟ. ಹೀಗೆ ಅದು ಎಲ್ಲರ ಕೈ ದಾಟಿ ಹೋಯಿತು. ಮಹದೇವಯ್ಯನವರ ಕೈಗೆ ಮಾತ್ರ ಮರಳಿ ಬರಲಿಲ್ಲ. ಅವರು ಬೇಕೆಂದು ಕೇಳಲೂ ಇಲ್ಲ.

ಹನ್ನೊಂದನೆಯ ದಿನ ಕಳೆಯುವ ತನಕ ಸೂತಕದ ಮನೆಯವರು ಊರು ದಾಟುವ ಹಾಗಿರಲಿಲ್ಲ. ಮಹದೇವಯ್ಯನವರು ಮಾರನೆಯ ಬೆಳಿಗ್ಗೆ ಅಂಗಿ ತೊಡುವುದನ್ನು ಕಂಡು ಮರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನೇಮ ನಿಷ್ಠೆ ಅಂತ ಒಂದು ದಿನ ತಪ್ಪಿಸ್ದವರಲ್ಲ ನೀವು. ಇನ್ನೊಂದು ವಾರ ತಡ್ದ್ರೆ ಅವನೇನು ಓಗ್ಬುಟ್ಟಾನಾ?"

"ಏಳು ತಿಂಗಳು ತಡ್ದಿದ್ದೀನಿ ಕಣೆ," ಎಂದರು ಅವರು. "ರಾಮನ ತಾವು ನಾನು ಯೋಳ್ಕತೀನಿ."

ನಂಜಣ್ಣ ಬರುವುದಿಲ್ಲವೆಂದು ಹಟ ಹಿಡಿಯಲಿಲ್ಲ. ಗುಡ್ಡೆಯ ಹತ್ತಿರ ಕೇಳಿದ ಮಾತು ಅವನಿಗೂ ನಾಟಿತ್ತು. ಬಸ್ಸು ಕೆ.ಆರ್. ನಗರ ದಾಟಿತು. ಆಮೇಲೆ ಕೇಳಿದ.

"ಅಣ್ಣ, ನಂದ್ರಲ್ಲೂ ಗಂಟು ಸಿಕ್ಕಿತ್ತಾ?"

"ಇಲ್ಲ."

"ನಿಜ ಯೋಳಿ."

"ಸಿಕ್ನಿಲ್ಲ ಕಣ್ಲಾ. ಆದ್ರೆ ನನ್ನ ಕೈ ಮಾತು ಕೇಳ್ಬ್ಯಾಡ. ಮಿಷನ್ ನೋಡ್ಲಿ."

ಸ್ಕ್ಯಾನಿನ ಕೋಣೆಯಿಂದ ನಂಜಣ್ಣ ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ಮಹದೇವಯ್ಯನವರು ಬೆಂಚಿನ ಮೇಲೆ ಕೂತು ರಾಮನಾಮ ಹಿಡಿದರು. ಅರವತ್ತು ಆಯಿತು, ಮತ್ತೆ ಅರವತ್ತು, ಮತ್ತೆ ಅರವತ್ತು. ಇಕ್ಕಳವಿಲ್ಲದ ಕೈಗಳು ತೊಡೆಯ ಮೇಲೆ ಮುಷ್ಟಿ ಕಟ್ಟಿದ್ದವು. ಕೊನೆಗೆ ಡಾಕ್ಟರಮ್ಮ ಕಾಗದ ಕೈಗೆ ಕೊಟ್ಟು ಹೇಳಿದರು. ಬರೀ ನೀರು. ಬೀಜ ಸರಿಯಾಗಿದೆ, ಎಲ್ಲೂ ಗಂಟಿಲ್ಲ. ಸಣ್ಣ ಆಪರೇಷನ್ ಮಾಡಿಸಿದರೆ ಸಾಕು.

ಹೊರಗೆ ಬಂದ ಕೂಡಲೇ ನಂಜಣ್ಣನ ಬಾಯಿಯ ಬೀಗ ಬಿಚ್ಚಿತು.

"ನೋಡುದ್ರಾ! ನಿಮ್ಮ ಕೈ ಯೋಳಿದ್ದೇ ಸರಿ. ನೀವು ಸೂತ್ಕ ಕೆಡಿಸ್ಕಂಡ್ರಿ, ನಾನು ಮಾನ ಕಳ್ಕಂಡೆ. ಇಬ್ರು ಎಂಗುಸ್ರು ಕಣಣ್ಣ! ಅದೇನೋ ತಣ್ಣಗಿನ ಲೋಳೆ ಬಳ್ದು, ಇಟ್ಟು ನಾದ್ದಂಗೆ ನಾದುದ್ರು. ನಮ್ಮಟ್ಟಿಯವಳು ಕೇಳುದ್ರೆ ಏನಂತ ಯೋಳ್ಲಿ?"

ಮಹದೇವಯ್ಯನವರಿಗೆ ನಗು ಬಂತು. ತಮ್ಮ ಹೋದ ಮೇಲೆ ಮೊದಲ ನಗು. ಅದು ಮುಗಿಯುವುದರೊಳಗೆ ಕಣ್ಣು ತುಂಬಿತು. ಇಷ್ಟೇ ಕೆಲಸ. ಒಂದು ಬಸ್ಸು, ಒಂದು ಬೆಂಚು, ಅರ್ಧ ಗಂಟೆ.

"ಸರಿಯಾಗಿದ್ದದ್ದು ಒಳ್ಳೇದಾಯ್ತು ಬುಡು," ಎಂದರು. "ಇನ್ಮೇಲೆ ಯಾರೂ ನನ್ನ ತಾವು ಬರಬ್ಯಾಡಿ ಅಂತ ಊರಲ್ಲಿ ಯೋಳ್ಬುಡು. ಬಂದ್ರೆ ಬಸ್ ಅತ್ತಿಸ್ತೀನಿ."

ಹಿಂತಿರುಗುವಾಗ ಅವರು ಚುಂಚನಕಟ್ಟೆಯಲ್ಲೇ ಇಳಿದುಕೊಂಡರು. ಸೂತಕವಾದ್ದರಿಂದ ರಾಮನ ಗುಡಿಯ ಒಳಗೆ ಕಾಲಿಡುವ ಹಾಗಿರಲಿಲ್ಲ. ಹೊರಗೇ, ಮೆಟ್ಟಿಲ ಕೆಳಗೆ ನಿಂತರು. ಭಾದ್ರಪದದ ಕಾವೇರಿ ಬಂಡೆಯ ಮೇಲಿಂದ ಭೋರ್ಗರೆದು ಬೀಳುತ್ತಿತ್ತು. ಗುಡಿಯ ಗರ್ಭಗೃಹದ ಒಳಗೆ ಆ ಸದ್ದು ಕೇಳಿಸುವುದಿಲ್ಲ ಎಂದು ಹಿರಿಯರಿಂದ ನಡೆದುಬಂದ ಮಾತು. ಚಿಕ್ಕಂದಿನಲ್ಲಿ ಶಿವಶಂಕರ ಅದನ್ನು ಪರೀಕ್ಷೆ ಮಾಡಲು, ಗುಡಿಯೊಳಗೆ ಇವರ ಹೆಗಲೇರಿ, ಕಿವಿಗೆ ಕೈ ಆನಿಸಿ ತೆಗೆದು, "ಊಂ ಕಣಣ್ಣ, ಒಳೆ ಮಲಿಕ್ಕಂಡದೆ!" ಎಂದು ಕೂಗಿದ್ದ. ಪೂಜಾರಿ ಗದರಿಸಿದ್ದರು. ಮಹದೇವಯ್ಯನವರು ಆ ಸದ್ದಿನಲ್ಲಿ ಬಹಳ ಹೊತ್ತು ನಿಂತು, ಆಮೇಲೆ ಮೂರು ಮೈಲಿ ನಡೆದೇ ಊರು ಸೇರಿದರು.

ಸ್ಕ್ಯಾನಿನ ಕಥೆಯನ್ನು ನಂಜಣ್ಣ ಸಣ್ಣಬೀರಯ್ಯನ ಅಂಗಡಿಯಲ್ಲಿ ಕೂತು ಊರಿಗೆಲ್ಲ ಹೇಳಿದ. ಕೇಳಿದ ಇನ್ನಿಬ್ಬರು, ಯಾರಿಗೂ ಹೇಳದೆ, ಬೆಳಗಿನ ಮೊದಲ ಬಸ್ಸು ಹತ್ತಿದರು. ಸವಿತಾ ಮಾತ್ರ ಭಾವನೊಂದಿಗೆ ಮಾತು ಬಿಟ್ಟಿದ್ದಳು. ಅವರಿಗೆ ತಟ್ಟೆ ಇಡುವುದನ್ನೂ ಮರಮ್ಮನಿಗೇ ಬಿಟ್ಟಳು. ಮಹದೇವಯ್ಯನವರು ಅದನ್ನು ತಪ್ಪೆಂದು ಎಣಿಸಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ, ನೆಂಟರು ಬಂದು ಸೇರುವ ಮೊದಲು, ಅವರು ಮಿಂದು ಒದ್ದೆ ಪಂಚೆಯಲ್ಲೇ ಹೊಲದ ಕಡೆ ಹೋದರು. ಗುಡ್ಡೆಯ ಮೇಲಿನ ಹೂವು ಒಣಗಿತ್ತು. ಅದನ್ನು ಆರಿಸಿ ತೆಗೆಯುತ್ತಿದ್ದಾಗ ಹಿಂದೆ ಬಳೆಯಿಲ್ಲದ ಕೈಯೊಂದು ಬದುವಿನ ಹುಲ್ಲು ಸರಿಸಿದ ಸದ್ದಾಯಿತು. ಸವಿತಾ. ಕೈಯಲ್ಲಿ ಅದೇ ಲೋಟ.

"ನಂಜಣ್ಣ ಯೋಳುದ್ರು," ಎಂದಳು. "ಸೂತ್ಕದಲ್ಲೇ ಓಗಿದ್ರಂತೆ."

"ಊಂ ಕಣವ್ವ."

"ಅವ್ರಿಗೇನೂ ಇಲ್ವಂತೆ."

"ಇಲ್ಲ. ಬರೀ ನೀರು."

ಅವಳು ಗುಡ್ಡೆಯ ಹತ್ತಿರಕ್ಕೆ ಬಂದಳು. "ನಂಗಿನ್ನೂ ಸಿಟ್ಟದೆ ಭಾವ. ಓಯ್ತದೋ ಇಲ್ವೋ ನಂಗೊತ್ತಿಲ್ಲ," ಎಂದಳು. ಆಮೇಲೆ ಲೋಟ ಮುಂದಕ್ಕೆ ಚಾಚಿದಳು. "ಅವತ್ತು ನಿಮ್ಮ ಪಾಲಿಂದು ಅಂಗೇ ಉಳ್ಕಂಡ್ತು. ಅಣ್ಣ ಬುಡ್ನಿಲ್ಲ ಅಂತ ಅವ್ರು ಅಲ್ಲಿ ಕಾದು ನಿಂತಿದ್ರೆ? ಬುಡಿ."

ಮಹದೇವಯ್ಯನವರು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡರು. ಹಾಲು ಇನ್ನೂ ಬೆಚ್ಚಗಿತ್ತು. ತಲೆಯ ಕಡೆಯಿಂದ ಕಾಲಿನ ಕಡೆಗೆ ಸಣ್ಣ ಧಾರೆಯಾಗಿ ಬಿಟ್ಟರು. ತುಪ್ಪದ ಹನಿಗಳು ಮಣ್ಣಿನ ಮೇಲೆ ಒಂದು ಗಳಿಗೆ ಹೊಳೆದು ಇಂಗಿದವು. ಈ ಸಲ ಅವರು ಎಣಿಸಲಿಲ್ಲ.

"ರಾಮಚಂದ್ರ," ಎಂದರು, ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಇವನನ್ನ ನಿನ್ನ ಮಡಿಲಿಗೆ ಹಾಕಿದ್ದೀವಿ. ನಿನ್ನ ಗುಡಿ ಒಳಗೆ ಹೊಳೆ ಸದ್ದು ಕೇಳಿಸದಂಗೆ, ಇವನಿಗೂ ನಮ್ಮ ಗೋಳಿನ ಸದ್ದು ಕೇಳಿಸದಿರಲಿ. ನನ್ನ ತಪ್ಪು ನನ್ನ ತಲೆ ಮೇಲೇ ಇರಲಿ, ಅದರ ಭಾರ ಇವನಿಗೆ ಬ್ಯಾಡ. ಗದ್ದೆ ಉತ್ತು ಬಂದವನು, ದಣಿದವ್ನೆ. ಮಲಗಲಿ ತಂದೆ. ಶಾಂತಿಯಾಗಿ ಮಲಗಲಿ."